33 ಮಕ್ಕಳು ವಿಡಿಯೊ ನೋಡದೇ ಬಂದರೆ ಪಾಠ ಹೇಗೆ?

ಓದುಗರ ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯಲ್ಲಿ 52 ಮಕ್ಕಳಿದ್ದಾರೆ. ತರಬೇತಿಯೊಂದರಲ್ಲಿ ಫ್ಲಿಪ್ಡ್ ಕ್ಲಾಸ್‌ರೂಮ್ (ಹೊಸ ವಿಷಯದ ಪರಿಚಯ ತರಗತಿಗೆ ಮೊದಲೇ, ಲೆಕ್ಕ ಅಭ್ಯಾಸ ತರಗತಿಯಲ್ಲಿ ಎಂಬ ಪದ್ಧತಿ) ಬಗ್ಗೆ ಕೇಳಿ ಬಂದು, ವಿದ್ಯುಚ್ಛಕ್ತಿ ಪಾಠಕ್ಕೆ ಅದನ್ನು ಮಾಡಿ ನೋಡಿದೆ. ರಾತ್ರಿ ವಾಟ್ಸಾಪ್ ಗ್ರೂಪಿಗೆ 18 ನಿಮಿಷದ ವಿಡಿಯೊ ಹಾಕುವುದು, ಮರುದಿನ ತರಗತಿಯಲ್ಲಿ ಲೆಕ್ಕ ಮಾಡಿಸುವುದು ಎಂದು ನನ್ನ ಯೋಜನೆ. ಮೊದಲ ದಿನ 19 ಮಕ್ಕಳು ನೋಡಿಕೊಂಡು ಬಂದರು. ಉಳಿದ 33 ಮಕ್ಕಳಿಗಾಗಿ ಅದೇ ಪಾಠವನ್ನು ಮತ್ತೆ ಹೇಳಿದೆ. ವಾರದೊಳಗೆ ನೋಡಿಕೊಂಡು ಬರುವವರು 7ಕ್ಕೆ ಇಳಿದರು. ನೋಡದವರಲ್ಲಿ ಹುಡುಗಿಯರೇ ಹೆಚ್ಚು. ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ‘ಮೇಡಂ ಶಾಲ್ಯಾಗ ಪಾಠ ಹೇಳೋದು ಬಿಟ್ಟು ಮೊಬೈಲ್ ನೋಡ್ರಿ ಅಂತಾರ. ಮತ್ತ ಪಗಾರ ಯಾಕ ತಗೋತಾರ?’ ಎಂದರು. ಪರೀಕ್ಷೆ ಹತ್ತಿರ ಬರುತ್ತಿದೆ, ಇದೆಲ್ಲ ಬಿಡಿ ಎನ್ನುತ್ತಾರೆ ಮುಖ್ಯ ಗುರುಗಳು. ಈ ಪದ್ಧತಿ ಪಟ್ಟಣದ ಮಕ್ಕಳಿಗಷ್ಟೇ ಇರುವುದೇ? ತಪ್ಪು ನನ್ನದೇ? ಬಿಟ್ಟುಬಿಡಲೇ?

ಉತ್ತರ:

ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು 33 ಎಂಬ ಅಂಕಿಗಿಂತ ಹೆಚ್ಚಾಗಿ 19. ಮೊದಲ ರಾತ್ರಿಯೇ 19 ಮಕ್ಕಳು ಅಪ್ಪನದೋ ಅಣ್ಣನದೋ ಫೋನು ಕೇಳಿ ಇಸಿದುಕೊಂಡು, ಇದ್ದ ಡೇಟಾ ಖರ್ಚು ಮಾಡಿ, 18 ನಿಮಿಷ ಕೂತು ಓಮ್‌ನ ನಿಯಮ ನೋಡಿದ್ದಾರೆ. ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ಮಕ್ಕಳಿಗೆ ನಿಮ್ಮ ಮೇಲೆ ವಿಶ್ವಾಸವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಸಭೆಯ ಮಾತು ಎಷ್ಟು ಚುಚ್ಚಿರಬೇಕೆಂದು ಊಹಿಸಬಲ್ಲೆ. ಕಲಬುರಗಿ ಜಿಲ್ಲೆಯಲ್ಲಿ 14 ವರ್ಷ ಭೌತಶಾಸ್ತ್ರ ಹೇಳಿ, ಆಮೇಲೆ ಶಿಕ್ಷಕರ ತರಬೇತಿಗೆ ಬಂದವನು ನಾನು, ಅಂಥ ಸಭೆಗಳಲ್ಲಿ ಕೂತಿದ್ದೇನೆ. ಆದರೂ ಆ ಪಾಲಕರ ಮಾತಿನೊಳಗೆ ನ್ಯಾಯವಾದ ಒಂದು ಪ್ರಶ್ನೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 19 ಹೇಗೆ 7 ಆಯಿತು ನೋಡೋಣ. ನೋಡದೇ ಬಂದವರ ಮೇಲಿನ ಕರುಣೆಯಿಂದ ನೀವು ಪಾಠವನ್ನು ಮತ್ತೆ ಹೇಳಿದಿರಿ. ಅದರಿಂದ ಆದದ್ದೇನು? ನೋಡಿಕೊಂಡು ಬಂದ ಮಗು ಕೇಳಿದ್ದನ್ನೇ ಇನ್ನೊಮ್ಮೆ ಕೇಳುತ್ತ ಸುಮ್ಮನೆ ಕೂತಿತು. ನೋಡದೇ ಬಂದ ಮಗುವಿಗೆ ಏನೂ ಕಡಿಮೆಯಾಗಲಿಲ್ಲ. ಹಾಗಿದ್ದ ಮೇಲೆ ರಾತ್ರಿ ಅಣ್ಣನ ಹತ್ತಿರ ಬೈಸಿಕೊಂಡು ಫೋನು ಕೇಳುವುದು ಯಾತಕ್ಕೆ? ಮಕ್ಕಳು ಹಟ ಮಾಡಲಿಲ್ಲ, ಸೋಮಾರಿಗಳಾಗಲಿಲ್ಲ, ಸರಿಯಾದ ಲೆಕ್ಕ ಹಾಕಿದರು. ಹೊಸದಾಗಿ ಇದನ್ನು ಶುರುಮಾಡಿದ ಶಿಕ್ಷಕರಲ್ಲಿ ಹೆಚ್ಚಿನವರು ಮೊದಲ ವಾರ ಎಡವುವುದು ಇಲ್ಲಿಯೇ. ನಾನೂ ಇಲ್ಲಿಯೇ ಎಡವಿದ್ದೆ. ಇದನ್ನು ತಪ್ಪೆನ್ನುವುದಾದರೆ ತರಬೇತಿಯಲ್ಲಿ ಈ ಮಾತನ್ನು ಮೊದಲೇ ಹೇಳದವರ ತಪ್ಪು. ನೋಡದೇ ಬಂದವರನ್ನು ಬೈಯಬಾರದು, ಹೊರಗೆ ನಿಲ್ಲಿಸಬಾರದು, ಆದರೆ ಇಡೀ ತರಗತಿಗೆ ಪಾಠವನ್ನು ಮತ್ತೆ ಹೇಳಲೂಬಾರದು. ಈ ಮೂರನ್ನೂ ಒಟ್ಟಿಗೆ ಪಾಲಿಸುವ ದಾರಿ ಇದೆ.

ಅದಕ್ಕಿಂತ ಮುಂಚೆ ಒಂದು ತಪ್ಪು ತಿಳಿವಳಿಕೆ ಕಳೆಯಬೇಕು. ಫ್ಲಿಪ್ಡ್ ಕ್ಲಾಸ್‌ರೂಮ್ ಎಂದರೆ ಮನೆಯಲ್ಲಿ ವಿಡಿಯೊ ಎಂದು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ, ಚಂದನ ವಾಹಿನಿಯಲ್ಲಿ ಪಾಠ ಬಂದು, ಫೋನಿಗೆ ಹೋಂವರ್ಕ್ ಬಂದು, ಪಾಲಕರ ಮನಸ್ಸಿನಲ್ಲಿ ಇವೆಲ್ಲ ಒಂದೇ ಗಂಟಾಗಿವೆ. ಮೂಲ ಹಾಗಿರಲಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಮಕ್ಕಳಿಗೆ ವಿಡಿಯೊ ಕೊಡಲಿಲ್ಲ. ಪುಟಗಳನ್ನು ಓದಿಕೊಂಡು ಬನ್ನಿ ಎಂದು ಹೇಳಿ, ತರಗತಿಯಲ್ಲಿ ಪ್ರಶ್ನೆ ಕೊಟ್ಟು, ಪಕ್ಕದವರ ಜೊತೆ ವಾದ ಮಾಡಿಸಿದರು. ವಿಡಿಯೊ ಸೇರಿದ್ದು ಮುಖ್ಯವಾಗಿ 2007ರ ಹೊತ್ತಿಗೆ, ಕೊಲರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಸಣ್ಣ ಊರಿನ ಪ್ರೌಢಶಾಲೆಯಲ್ಲಿ. ಜೊನಾಥನ್ ಬರ್ಗ್‌ಮನ್, ಏರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರುಗಳು ಪಾಠ ರೆಕಾರ್ಡ್ ಮಾಡಲು ಶುರುಮಾಡಿದ್ದು ಯಾರಿಗಾಗಿ ಗೊತ್ತೇ? ಗೈರುಹಾಜರಾಗುವ ಮಕ್ಕಳಿಗಾಗಿ. ಆಟೋಟದ ಪಂದ್ಯಗಳಿಗೆ ದೂರದ ಊರುಗಳಿಗೆ ಹೋಗಬೇಕಾಗಿ ಮಕ್ಕಳಿಗೆ ತರಗತಿ ತಪ್ಪುತ್ತಿತ್ತು. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಮಕ್ಕಳಿಗೆ ಅವರು ಡಿವಿಡಿ ಮಾಡಿ ಕೊಡುತ್ತಿದ್ದರು.

ಗೈರುಹಾಜರಿ ಎಂದಾಗ ನಿಮಗೆ ಯಾರ ಮುಖ ನೆನಪಾಗುತ್ತದೆ? ನನಗೆ ಹತ್ತಿ ಬಿಡಿಸಲು ಹೋಗುವ ಶಹಾಪುರ, ಸುರಪುರದ ಕಡೆಯ ಹುಡುಗಿಯರು, ತೊಗರಿ ರಾಶಿಯ ಹೊತ್ತಿಗೆ ಹಿಂದಿನ ಬೆಂಚು ಖಾಲಿ ಮಾಡುವ ಹುಡುಗರು, ಅಪ್ಪ ಅವ್ವನ ಜೊತೆ ಪುಣೆ, ಬೆಂಗಳೂರಿಗೆ ಗುಳೆ ಹೋಗಿ ಬರುವ ತಾಂಡಾದ ಮಕ್ಕಳು ನೆನಪಾಗುತ್ತಾರೆ. ಕಾರಣ ಬೇರೆ, ತೊಂದರೆ ಅದೇ. ಹಾಗಾಗಿ ಈ ಪದ್ಧತಿ ಪಟ್ಟಣದವರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಒಪ್ಪದಿರಲು ಇನ್ನೂ ದೊಡ್ಡ ಕಾರಣವಿದೆ. ಯಾವ ಪಾಠದಲ್ಲೂ ಎರಡು ಕೆಲಸ ಇರುತ್ತವೆ. ಒಂದು, ಹೊಸ ವಿಷಯವನ್ನು ಮೊದಲ ಸಲ ಕೇಳುವುದು. ಇನ್ನೊಂದು, ಅದನ್ನು ಹಿಡಿದು ಲೆಕ್ಕ ಮಾಡುವುದು, ತಪ್ಪುವುದು, ತಿದ್ದಿಕೊಳ್ಳುವುದು. ಎರಡನೆಯದೇ ಕಷ್ಟ. ಕಷ್ಟದ ಹೊತ್ತಿನಲ್ಲಿ ಪಕ್ಕದಲ್ಲಿ ಗೊತ್ತಿದ್ದವರು ಬೇಕು. ನಾವು ತಲೆಮಾರುಗಳಿಂದ ಮಾಡುತ್ತ ಬಂದಿರುವುದು ಏನು? ಸುಲಭದ ಕೆಲಸಕ್ಕೆ ಮೇಷ್ಟ್ರ ಮುಂದೆ 40 ನಿಮಿಷ ಕೂಡಿಸುತ್ತೇವೆ, ಕಷ್ಟದ ಕೆಲಸವನ್ನು ಹೋಂವರ್ಕ್ ಎಂದು ಮನೆಗೆ ಕಳಿಸುತ್ತೇವೆ. ಯಾವ ಮನೆಗೆ? 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಕಲಬುರಗಿಯದು ಶೇ 64.85. ನಿಮ್ಮ ಮಕ್ಕಳ ಅಪ್ಪ ಅವ್ವಂದಿರು ಆ ಎಣಿಕೆಯೊಳಗಿನವರೇ. ಸಂಜೆ ಆರಕ್ಕೆ ಹೊಲದಿಂದ ಬಂದ ತಾಯಿ ಸಮಾಂತರ ಜೋಡಣೆಯ ಲೆಕ್ಕಕ್ಕೆ ಏನು ಸಹಾಯ ಮಾಡಬಲ್ಲಳು? ಪಟ್ಟಣದ ಮಗುವಿಗೆ ಟ್ಯೂಷನ್ ಇದೆ. ನಿಮ್ಮ ಮಗುವಿಗೆ ನೀವೊಬ್ಬರೇ ಇದ್ದೀರಿ, ಅದೂ ದಿನಕ್ಕೆ 40 ನಿಮಿಷ. ಲೆಕ್ಕ ನಿಮ್ಮ ಕಣ್ಣೆದುರು ಆಗಬೇಕಾದ ಅಗತ್ಯ ಬೆಂಗಳೂರಿನ ಶಾಲೆಗಿಂತ ಸೇಡಂ ಕಡೆಯ ಶಾಲೆಗೆ ಹೆಚ್ಚು.

ಹಾಗಾದರೆ ಎಡವಟ್ಟಾದದ್ದು ಎಲ್ಲಿ? ಈ ಪದ್ಧತಿಯ ಒಂದು ಕಾಲು ತರಗತಿಯಲ್ಲಿದೆ, ಇನ್ನೊಂದು ಕಾಲು ಮನೆಯಲ್ಲಿದೆ. ತರಗತಿಯ ಕಾಲು ನಮಗೆ ಬೇಕೇ ಬೇಕು. ಮನೆಯ ಕಾಲಿಗೆ ನಮ್ಮಲ್ಲಿ ನೆಲ ಗಟ್ಟಿಯಿಲ್ಲ. ಅದನ್ನು ಶಾಲೆಯೊಳಗೆ ತಂದು ಊರಿದರೆ ಸಾಕು. ನನ್ನ ಉತ್ತರದ ತಿರುಳು ಇಷ್ಟೇ.

ಸಂಶೋಧನೆ ಏನು ಹೇಳುತ್ತದೆ ಎಂದು ನಿಮ್ಮ ಮುಖ್ಯ ಗುರುಗಳು ಕೇಳಬಹುದು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಕಾಲೇಜು ಮಟ್ಟದ ವಿಜ್ಞಾನ, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ನಪಾಸಾದವರು ಶೇ 33.8; ತರಗತಿಯಲ್ಲಿ ತಾವೇ ಮಾಡಿ, ಚರ್ಚಿಸಿ ಕಲಿತವರಲ್ಲಿ ಶೇ 21.8. ಇದು ಫ್ಲಿಪ್‌ನ ಲೆಕ್ಕವಲ್ಲ, ಮಕ್ಕಳ ಕೈಗೆ ಕೆಲಸ ಕೊಡುವ ತರಗತಿಯ ಲೆಕ್ಕ. ಮರುವರ್ಷ ಜೇಮಿ ಜೆನ್ಸನ್ ಮತ್ತು ಸಂಗಡಿಗರು ಜೀವಶಾಸ್ತ್ರದ ಎರಡು ತರಗತಿಗಳನ್ನು ಹೋಲಿಸಿದರು. ಎರಡರಲ್ಲೂ ಮಕ್ಕಳು ಸಕ್ರಿಯವಾಗಿ ಕಲಿಯುತ್ತಿದ್ದರು, ಒಂದು ಫ್ಲಿಪ್ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಶಕ್ತಿ ಇರುವುದು ವಿಡಿಯೊದಲ್ಲಿಲ್ಲ, ತರಗತಿಯಲ್ಲಿ ಉಳಿಯುವ ಸಮಯವನ್ನು ನಾವು ಏನು ಮಾಡುತ್ತೇವೆ ಎಂಬುದರಲ್ಲಿದೆ.

ಇನ್ನೊಂದು ಅಧ್ಯಯನವನ್ನು ಉತ್ಸಾಹಿಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಆದರೆ ನಿಮ್ಮ ಅನುಭವಕ್ಕೆ ಅದೇ ಹತ್ತಿರ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಚೀಟಿ ಎತ್ತಿದ ಹಾಗೆ ತರಗತಿಗಳನ್ನು ಹಂಚಿ ಪ್ರಯೋಗ ಮಾಡಿದರು. ಗಣಿತದಲ್ಲಿ ಮೊದಮೊದಲು ಸ್ವಲ್ಪ ಲಾಭ ಕಂಡಿತು, ಕೊನೆಯ ಪರೀಕ್ಷೆಯ ಹೊತ್ತಿಗೆ ಸರಾಸರಿ ಲಾಭ ಉಳಿಯಲಿಲ್ಲ. ಅರ್ಥಶಾಸ್ತ್ರದಲ್ಲಿ ಅದೂ ಇಲ್ಲ. ಉಳಿದದ್ದು ಮೊದಲೇ ಮುಂದಿದ್ದವರಿಗೂ ಹಿಂದಿದ್ದವರಿಗೂ ನಡುವೆ ಹಿಗ್ಗಿದ ಅಂತರ. ಎಲ್ಲರಿಗೂ ಸೌಲಭ್ಯವಿರುವ ಅಕಾಡೆಮಿಯಲ್ಲೇ ಹೀಗಾದರೆ, ಮನೆಗೊಂದೇ ಫೋನಿರುವ ಊರಿನಲ್ಲಿ ಏನಾಗಬಹುದು? ನಿಮ್ಮ ತರಗತಿಯ 7 ಮತ್ತು 45ರ ನಡುವೆ ಆಗುವುದು ಇದೇ. ಮನೆಯ ವಿಡಿಯೊವನ್ನೇ ನಂಬಿ ನೀವು ಇಡೀ ವರ್ಷ ಹೋದರೆ, ನೀವು ಯಾರನ್ನು ಮೇಲೆತ್ತಲು ಹೊರಟಿರೋ ಅವರೇ ಕೆಳಗೆ ಉಳಿಯುತ್ತಾರೆ. ಈ ಅಪಾಯ ನಿಜವಾದದ್ದು.

ಹುಡುಗಿಯರ ಮಾತು ಬೇರೆಯಾಗಿಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಚಿಂಚೋಳಿ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದಾಗ, ವಿಡಿಯೊ ನೋಡಿರದ ಹುಡುಗಿಯೊಬ್ಬಳನ್ನು ಕಾರಣ ಕೇಳಿದೆ. ತಲೆ ತಗ್ಗಿಸಿ ನಿಂತಳು. ಮಧ್ಯಾಹ್ನ ಊಟದ ಹೊತ್ತಿಗೆ ತಾನೇ ಹತ್ತಿರ ಬಂದು, ‘ಫೋನ್ ಕೈಯಾಗ ಹಿಡದ್ರ ಮನ್ಯಾಗ ಅನುಮಾನ ಮಾಡ್ತಾರ್ರಿ ಸರ್. ಕೇಳೂದಕ್ಕೇ ಅಂಜಿಕಿ ಆಗ್ತದ’ ಎಂದಳು. ಅವತ್ತಿನಿಂದ ನಾನು ಯಾವ ಶಿಕ್ಷಕರಿಗೂ ‘ಮನೆಯಲ್ಲಿ ಫೋನು ಕೇಳಿ ನೋಡಲು ಹೇಳಿ’ ಎಂದು ಹೇಳಿಲ್ಲ. ಹತ್ತನೇ ತರಗತಿಯ ಹುಡುಗಿಯ ಓದು ನಮ್ಮ ಕಡೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಾಠದ ನೆಪದಲ್ಲಿ ಮನೆಯಲ್ಲಿ ಒಂದು ಜಗಳ ಹುಟ್ಟಿ, ಅದರಿಂದ ಶಾಲೆಯೇ ಬಿಡಿಸಿದರೆ ಆ ನಷ್ಟ ತುಂಬಲಾಗದು. ಹಾಗೆಯೇ ಆ ವಾಟ್ಸಾಪ್ ಗ್ರೂಪನ್ನು ದಯವಿಟ್ಟು ಮುಚ್ಚಿ. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಕಳಿಸಲೇಬೇಕಾದರೆ ಪಾಲಕರ ನಂಬರ್‌ಗಳಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಕಳಿಸಿ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಇನ್ನು ಏನು ಮಾಡಬಹುದು ಎಂಬುದಕ್ಕೆ ಬರೋಣ.

ನಾನು ಹೆಚ್ಚು ನೆಚ್ಚಿರುವುದು ಎರಡೂ ಕಾಲನ್ನು ತರಗತಿಯೊಳಗೇ ಇಡುವ ರೀತಿಯನ್ನು. ನಮ್ಮ ಕೆಲವು ಶಿಕ್ಷಕರು ಇದನ್ನು ‘ಒಳಗಿನ ಉಲ್ಟಾ’ ಎನ್ನುತ್ತಾರೆ, ನನಗೂ ಆ ಹೆಸರು ಇಷ್ಟ. 40 ನಿಮಿಷದ ಪೀರಿಯಡ್‌ನಲ್ಲಿ ಮೊದಲ 7-8 ನಿಮಿಷ ಮಾತ್ರ ವಿಷಯ ಪರಿಚಯ. ಸ್ಮಾರ್ಟ್ ಟಿವಿ ಇದ್ದರೆ ವಿಡಿಯೊ, ಇಲ್ಲದಿದ್ದರೆ ಪುಸ್ತಕದ ಒಂದು ಪುಟವನ್ನು ನಾಲ್ವರ ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು. ಆ ಹೊತ್ತಿನಲ್ಲಿ ನೀವು ಹೇಳುವುದಿಲ್ಲ, ಮಕ್ಕಳ ಮುಖ ನೋಡುತ್ತೀರಿ. ಆಮೇಲೆ ಒಂದೇ ಒಂದು ಪ್ರಶ್ನೆ. ಉದಾಹರಣೆಗೆ: 6 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 9 ಓಮ್ ಆಗುತ್ತದೋ, 3 ಮತ್ತು 6ರ ನಡುವೆ ಬರುತ್ತದೋ, 3ಕ್ಕಿಂತ ಕಡಿಮೆಯೋ? ಸೂತ್ರ ಹಾಕುವ ಮುಂಚೆ ಒಂದು, ಎರಡು, ಮೂರು ಎಂದು ಎದೆಗೆ ಒತ್ತಿ ಬೆರಳು ತೋರಿಸಲಿ, ಪಕ್ಕದವರಿಗೆ ಕಾಣದ ಹಾಗೆ. ಸುಮಾರು ಶೇ 30ರಿಂದ 70ರಷ್ಟು ಮಕ್ಕಳು ಸರಿ ಹೇಳಿದ್ದರೆ ಚರ್ಚೆಗೆ ಬಿಡಿ ಎಂಬುದು ಮಜೂರ್ ಅವರ ಅನುಭವದ ಸೂತ್ರ. ಅದಕ್ಕಿಂತ ಕಡಿಮೆಯಿದ್ದರೆ ನೀವೇ ಹೇಳಬೇಕು, ಹೆಚ್ಚಿದ್ದರೆ ಮುಂದಕ್ಕೆ ಹೋಗಬೇಕು.

ಈ ಪ್ರಶ್ನೆಯನ್ನು ನಾನು ಕಲಬುರಗಿಯ ಒಂದು ಶಾಲೆಯಲ್ಲಿ ಕೇಳಿದಾಗ ಮೊದಲು ಬಹಳ ಬೆರಳು ‘9’ ಎಂದವು. ಚರ್ಚೆಗೆ ಬಿಟ್ಟೆ. ಒಬ್ಬ ಹುಡುಗ ತನ್ನ ಗುಂಪಿಗೆ ಹೇಳುತ್ತಿದ್ದ: ‘ಶರಣಬಸವೇಶ್ವರ ಜಾತ್ರ್ಯಾಗ ಇನ್ನೊಂದು ಬಾಗಲಾ ತಗದ್ರ ಮಂದಿ ಲಗೂನ ಹೊರಗ ಬೀಳ್ತಾರ. ಆ ಬಾಗಲಾ ಸಣ್ಣದಿದ್ರೂ ನಡೀತದ, ಗದ್ದಲ ಕಮ್ಮಿನೇ ಆಗ್ತದಲ್ಲ!’ 3 ಓಮ್‌ನ ದೊಡ್ಡ ಬಾಗಿಲಿನ ಪಕ್ಕ 6 ಓಮ್‌ನ ಸಣ್ಣ ಬಾಗಿಲು ತೆರೆದರೂ ದಾರಿ ಸಲೀಸಾಗುತ್ತದೆ, ಒಟ್ಟು ರೋಧ 3ಕ್ಕಿಂತ ಕೆಳಗೆ ಇಳಿಯುತ್ತದೆ. ಸೂತ್ರ ಹಾಕಿದರೆ 2 ಓಮ್. ವರ್ಷಗಟ್ಟಲೆ ನೀರಿನ ಪೈಪಿನ ಚಿತ್ರ ಬರೆದು ಹೇಳಿದ್ದ ನನಗೆ ಆ ಬಾಗಿಲು ಹೊಳೆದಿರಲಿಲ್ಲ.

ಉಳಿದ 25 ನಿಮಿಷ ಲೆಕ್ಕ. ನಿಮ್ಮ ತರಗತಿಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಅದೇ ಕರಿಹಲಗೆ: ನಾಲ್ವರಂತೆ 13 ಗುಂಪು, ಗುಂಪಿಗೊಂದು ಸೀಮೆಸುಣ್ಣ, ನೆಲದ ಮೇಲೆ ಲೆಕ್ಕ. ನಿಂತಲ್ಲಿಂದ ನಿಮಗೆ 13 ಲೆಕ್ಕವೂ ಕಾಣುತ್ತವೆ, ಯಾರು ಎಲ್ಲಿ ನಿಂತರು ತಿಳಿಯುತ್ತದೆ. ನೋಟ್‌ಬುಕ್‌ನಲ್ಲಿ ಅದು ಕಾಣುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: 25 ನಿಮಿಷದಲ್ಲಿ 13 ಗುಂಪು ಎಂದರೆ ಗುಂಪಿಗೆ ಎರಡು ನಿಮಿಷವೂ ಇಲ್ಲ. ಎಲ್ಲರ ಹತ್ತಿರವೂ ಹೋಗಲು ಯತ್ನಿಸಿದರೆ ಯಾರಿಗೂ ಸಿಗುವುದಿಲ್ಲ. ತಡವರಿಸುವ ನಾಲ್ಕು ಗುಂಪು ಆರಿಸಿ, ಅವರ ಪಕ್ಕದಲ್ಲಿ ಕೆಳಗೆ ಕೂತುಬಿಡಿ. ಇಲ್ಲಿಯ ಇನ್ನೊಂದು ಅಪಾಯ, ಗುಂಪಿನ ಜಾಣ ಮಗು ಲೆಕ್ಕ ಮಾಡಿ ಮೂವರು ನಕಲು ಇಳಿಸಿಕೊಳ್ಳುವುದು. ಇದಕ್ಕೆ ನನಗೆ ಕೆಲಸ ಮಾಡಿದ ಮದ್ದು ಒಂದೇ: ಕೊನೆಯಲ್ಲಿ ಲೆಕ್ಕ ವಿವರಿಸುವವರನ್ನು ಗುಂಪು ಆರಿಸುವುದಿಲ್ಲ, ನಾವು ಆರಿಸುತ್ತೇವೆ. ಮೂರು ದಿನದಲ್ಲಿ ಜಾಣ ಮಗು ಉಳಿದವರಿಗೆ ಕಲಿಸಲು ಶುರುಮಾಡುತ್ತದೆ. ಗದ್ದಲ ಇರುತ್ತದೆ. ಪಕ್ಕದ ಕೋಣೆಯ ಶಿಕ್ಷಕರಿಗೆ ಮೊದಲೇ ಹೇಳಿಡಿ.

ಎರಡನೆಯ ದಾರಿ, ಇಂದಿನ ಪೀರಿಯಡ್‌ನ ಕೊನೆಯ ಹತ್ತು ನಿಮಿಷದಲ್ಲಿ ನಾಳೆಯ ವಿಷಯದ ಪರಿಚಯ ಮಾಡಿ, ಮನೆಗೆ ಮೂರು ಸಣ್ಣ ಪ್ರಶ್ನೆ ಕಳಿಸುವುದು. ಫೋನು ಬೇಡ, ಪುಸ್ತಕದ ಒಂದು ಪುಟ ಸಾಕು. ಮೂರನೆಯ ಪ್ರಶ್ನೆ ಸದಾ ಒಂದೇ ಇರಲಿ: ‘ಇದರಲ್ಲಿ ತಿಳಿಯದೇ ಇದ್ದದ್ದು ಏನು?’ ಆ ಉತ್ತರಗಳೇ ನಾಳೆಯ ನಿಮ್ಮ ಪಾಠ. ಇದರ ತೊಡಕು ಓದಿನದು. ನಮ್ಮ ವಿಜ್ಞಾನ ಪುಸ್ತಕದ ಕನ್ನಡ, ವಕ್ರೀಭವನ, ಪ್ರತ್ಯಾಮ್ಲ, ವಿಭವಾಂತರ ಎಂದು ಹೋಗುತ್ತದೆ. ಮನೆಯಲ್ಲಿ ಲಂಬಾಣಿ ಆಡುವ, ಗುರುಮಠಕಲ್ ಕಡೆ ತೆಲುಗು ಆಡುವ, ಔರಾದ್ ಕಡೆ ಮರಾಠಿ ಆಡುವ ಮಗುವಿಗೆ ಅದು ಎರಡು ಮೆಟ್ಟಿಲು ಮೇಲಿನ ಭಾಷೆ. ಪುಟ ಕೊಡುವ ಮುಂಚೆ ಅದರೊಳಗಿನ ನಾಲ್ಕು ಶಬ್ದಗಳನ್ನು ಬಾಯಿಮಾತಿನಲ್ಲಿ ಬಿಡಿಸಿ ಹೇಳಿ. ಓದಲೇ ತೊದಲುವ ಮಕ್ಕಳಿದ್ದರೆ ಈ ದಾರಿ ಅವರಿಗೆ ಸಲ್ಲದು. ಅವರನ್ನು ಒಳಗಿನ ಉಲ್ಟಾದಲ್ಲೇ ಇಟ್ಟುಕೊಳ್ಳಿ.

ಹಾಸ್ಟೆಲ್‌ನಲ್ಲಿರುವ ಮಕ್ಕಳಿದ್ದರೆ ಸಂಜೆಯ ಓದಿನ ಹೊತ್ತಿನಲ್ಲಿ ಟಿವಿಗೆ ಪೆನ್‌ಡ್ರೈವ್ ಹಾಕಿಸಲು ವಾರ್ಡನ್‌ರನ್ನು ಕೇಳಬಹುದು. ಮೊರಾರ್ಜಿ ದೇಸಾಯಿಯಂಥ ವಸತಿ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಕರಿಗೆ ಇದು ಎಲ್ಲಕ್ಕಿಂತ ಸುಲಭದ ದಾರಿ.

ಇನ್ನು ವಿಡಿಯೊ ಬಳಸುವುದೇ ಆದರೆ, 18 ನಿಮಿಷ ಬಹಳ ಆಯಿತು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಸಾಮಾನ್ಯವಾಗಿ ನಿಲ್ಲುವುದು 6 ನಿಮಿಷದವರೆಗೆ ಎಂದು ಕಂಡುಬಂತು. ಅವರು ತಾವಾಗಿ ಸೇರಿಕೊಂಡ ದೊಡ್ಡವರು. ದಿನವಿಡೀ ಶಾಲೆ, ಸಂಜೆ ಮನೆಗೆಲಸ ಮುಗಿಸಿದ ಮಗುವಿನಿಂದ 18 ನಿಮಿಷ ನಿರೀಕ್ಷಿಸಬಾರದು. ನಿಮ್ಮ ವಿಡಿಯೊವನ್ನು ಮೂರು ತುಂಡು ಮಾಡಿ: ಓಮ್‌ನ ನಿಯಮ, ಸರಣಿ ಜೋಡಣೆ, ಸಮಾಂತರ ಜೋಡಣೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದಲ್ಲಿ ಸಿಗುವ ಪಾಠಗಳನ್ನು ಮೊದಲು ನೋಡಿ, ಖಾನ್ ಅಕಾಡೆಮಿಯಲ್ಲೂ ಕನ್ನಡದ ಪಾಠಗಳಿವೆ. ಆದರೂ ನಿಮ್ಮದೇ ದನಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ರೆಕಾರ್ಡ್ ಮಾಡಿದ ಐದು ನಿಮಿಷದ ಆಡಿಯೊ ಹೊರಗಿನ ಚಂದದ ವಿಡಿಯೊಗಿಂತ ಮಕ್ಕಳಿಗೆ ಹತ್ತಿರವಾಗುವುದನ್ನು ನಾನು ಕಂಡಿದ್ದೇನೆ. ಆಡಿಯೊ ಕೀಪ್ಯಾಡ್ ಫೋನಿನ ಮೆಮರಿ ಕಾರ್ಡ್‌ನಲ್ಲೂ ಓಡುತ್ತದೆ. ಎಲ್ಲ ಪಾಠಕ್ಕೂ ಮಾಡಲು ಹೋಗಬೇಡಿ, ಕೆಲಸದ ಭಾರಕ್ಕೆ ನೀವೇ ಕುಸಿದುಹೋಗುತ್ತೀರಿ. ವರ್ಷಕ್ಕೆ ಹತ್ತು ಮಾಡಿದರೂ ಮೂರು ವರ್ಷದಲ್ಲಿ ನಿಮ್ಮ ಹತ್ತಿರ ಮೂವತ್ತು ಇರುತ್ತವೆ.

ಎಲ್ಲ ಪಾಠವನ್ನೂ ಹೀಗೆ ತಿರುಗಿಸಬಾರದು, ಅಂದರೆ ಫ್ಲಿಪ್ ಮಾಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಕಣ್ಣೆದುರು ಅಚ್ಚರಿ ಹುಟ್ಟಬೇಕಾದ ಪಾಠಕ್ಕೆ ಮೊದಲು ಪ್ರಯೋಗ ಬೇಕು, ವಿವರಣೆ ಆಮೇಲೆ. ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಶಹಾಬಾದ್ ಕಲ್ಲಿನ ಚೂರಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಡಿ. ಬುಸುಬುಸು ನೊರೆ ಬರುತ್ತದೆ. ದಿನಾ ಕಾಲಡಿಯಲ್ಲಿ ತುಳಿಯುವ ಕಲ್ಲಿನೊಳಗೆ ಇಂಗಾಲದ ಡೈಆಕ್ಸೈಡ್ ಇತ್ತೆಂದು ಮಗು ಬೆರಗಾಗಬೇಕು. ಅದೇ ಸುಣ್ಣದಕಲ್ಲನ್ನು ನಿಮ್ಮ ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು ಸುಡುವಾಗಲೂ ಅದೇ ಅನಿಲ ಹೊರಬೀಳುತ್ತದೆ. ಹಿಂದಿನ ರಾತ್ರಿ ವಿಡಿಯೊದಲ್ಲಿ ಉತ್ತರ ಕೊಟ್ಟುಬಿಟ್ಟರೆ ಆ ಬೆರಗು ಕಳೆದುಹೋಗುತ್ತದೆ. ತಿರುಗಿಸಲು ಸರಿಯಾದದ್ದು ಸಮೀಕರಣ ಸರಿದೂಗಿಸುವುದು, ವಿದ್ಯುತ್ತಿನ ಲೆಕ್ಕಗಳು, ಕನ್ನಡಿ ಮಸೂರಗಳ ಕಿರಣಚಿತ್ರಗಳು. ಕೈಗೆ ಅಭ್ಯಾಸ ಬೇಕಾದ, ಮಗು ಒಂಟಿಯಾಗಿ ತಪ್ಪುವ ಭಾಗಗಳು ಇವು.

ಆ ಪಾಲಕರ ಮಾತಿಗೆ ಬರುತ್ತೇನೆ. ಅವರ ಕಣ್ಣಿಗೆ ಮೇಷ್ಟ್ರು ಎಂದರೆ ಹಲಗೆಯ ಮುಂದೆ ನಿಂತು ಹೇಳುವವರು. ಹೇಳುವುದು ನಿಂತರೆ ಕಲಿಸುವುದು ನಿಂತಿತು ಎಂದು ಅವರಿಗೆ ಅನ್ನಿಸಿದ್ದು ಸಹಜ. ಮಕ್ಕಳಿಗೂ ಹಾಗೇ ಅನ್ನಿಸುತ್ತದೆ. 2019ರಲ್ಲಿ ಹಾರ್ವರ್ಡ್‌ನಲ್ಲಿ ಲೂಯಿ ಡೆಸ್ಲೊರಿಯೇ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ತಾವೇ ಮಾಡಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವು ಎಂದು ಹೇಳಿದರು. ಸೊಗಸಾದ ಉಪನ್ಯಾಸ ಕೇಳಿದವರು ಹೆಚ್ಚು ಕಲಿತೆವು ಎಂದುಕೊಂಡರು. ತಡವರಿಸುತ್ತ ಕಲಿಯುವಾಗ ಕಲಿತೆವೆಂದು ಅನ್ನಿಸುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು.

ಪಾಲಕರಿಗೆ ಫ್ಲಿಪ್ಡ್ ಎಂಬ ಶಬ್ದ ಬೇಡ. ಮುಂದಿನ ಸಭೆಯಲ್ಲಿ ನಾನಾದರೆ ಹೀಗೆ ಹೇಳುತ್ತೇನೆ: ‘ಇನ್ನ ಮ್ಯಾಲ ಮೊಬೈಲ್ ಬೇಕಾಗಂಗಿಲ್ಲ. ಲೆಕ್ಕಾನೂ ಮನೀಗಿ ಕಳಸಂಗಿಲ್ಲ. ಲೆಕ್ಕ ಎಲ್ಲಾ ನನ್ನ ಮುಂದ ಕುಂತು ಮಾಡ್ತಾರ. ಯಾರಿಗಿ ಬರಂಗಿಲ್ಲೋ ಅವರ ಮಗ್ಗಲಾಗ ನಾನೇ ಕುಂಡ್ರತೀನಿ. ನೀವೂ ಒಂದಿನ ಬಂದು ನೋಡ್ರಿ.’ ಆಮೇಲೆ ನಿಜವಾಗಿ ಕರೆಯಿರಿ, ಅದರಲ್ಲೂ ಎದ್ದು ನಿಂತು ಕೇಳಿದ ಅವರನ್ನೇ. ಮಗಳು ನೆಲದ ಮೇಲೆ ಲೆಕ್ಕ ಬರೆದು ಉಳಿದವರಿಗೆ ಹೇಳುವುದನ್ನು ಒಂದು ಸಲ ಕಂಡ ತಂದೆ ಪಗಾರದ ಮಾತು ಎತ್ತುವುದಿಲ್ಲ. ‘ಮೇಡಂ ಹೇಳೋದು ಬಿಟ್ಟಾರ’ ಎಂಬ ದೂರಿನಲ್ಲಿ ನ್ಯಾಯ ಇರುವುದು ಇಲ್ಲಿ: ಹೇಳುವ ಕೆಲಸ ನಮಗೆ ಕಡಿಮೆಯಾದಷ್ಟೂ ಮಕ್ಕಳ ನಡುವೆ ಓಡಾಡುವ ಕೆಲಸ ಹೆಚ್ಚಾಗಬೇಕು. ಉಳಿದ 25 ನಿಮಿಷ ಕುರ್ಚಿಯಲ್ಲಿ ಕೂತು ರಿಜಿಸ್ಟರ್ ಬರೆದರೆ ಆ ಪಾಲಕರು ಹೇಳಿದ್ದೇ ಸರಿ.

ಮುಖ್ಯ ಗುರುಗಳ ಭಯವನ್ನೂ ನಾನು ತಳ್ಳಿಹಾಕುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ ಮೇಲೆ ಮಗು ತನಗೆ ಬಂದದ್ದನ್ನಷ್ಟೇ ಬರೆಯಬಲ್ಲದು. ವಿಜ್ಞಾನದ 80 ಅಂಕದ ಲಿಖಿತ ಪರೀಕ್ಷೆ ಎದುರಿಗಿರುವಾಗ ಪದ್ಧತಿಯನ್ನು ಬುಡಸಮೇತ ಬದಲಿಸುವುದು ಬೇಡ. ಹೊಸ ರೀತಿಗೆ ಹೊಂದಿಕೊಳ್ಳುವವರೆಗೆ ಪ್ರತಿ ಪಾಠಕ್ಕೆ ಒಂದೆರಡು ಪೀರಿಯಡ್ ಹೆಚ್ಚು ಹಿಡಿಯುತ್ತದೆ, ಅದು ಹತ್ತನೇ ತರಗತಿಗೆ ಈಗ ದುಬಾರಿ. ಈ ವರ್ಷದ ಹತ್ತನೆಯವರಿಗೆ ವಾರಕ್ಕೆ ಎರಡು ಪೀರಿಯಡ್ ಮಾತ್ರ, ಬರೀ ಲೆಕ್ಕ ಮತ್ತು ಸಮೀಕರಣಗಳಿಗೆ, ಒಳಗಿನ ಉಲ್ಟಾ ಮಾಡಿ. ಉಳಿದ ಪಾಠ ಹಳೇ ರೀತಿಯಲ್ಲೇ ಹೋಗಲಿ. ಪೂರ್ತಿಯಾಗಿ ಮಾಡುವುದನ್ನು ಮುಂದಿನ ಜೂನ್‌ನಲ್ಲಿ ಒಂಬತ್ತನೇ ತರಗತಿಯಿಂದ ಶುರುಮಾಡಿ. ಅವರು ಹತ್ತಕ್ಕೆ ಬರುವ ಹೊತ್ತಿಗೆ ಗುಂಪಿನಲ್ಲಿ ಕೂಡುವುದು, ಕೇಳುವುದು, ವಿವರಿಸುವುದು ರೂಢಿಯಾಗಿರುತ್ತದೆ. ಇದನ್ನು ಮುಖ್ಯ ಗುರುಗಳ ಮುಂದಿಟ್ಟರೆ ಬಹುಶಃ ಒಪ್ಪುತ್ತಾರೆ.

ನಿಮ್ಮ ಆ ವಿಡಿಯೊಗಳನ್ನು ಅಳಿಸಬೇಡಿ. ತುಂಡು ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಶಾಲೆಯಲ್ಲಿ ಇಡಿ. ತೊಗರಿ ರಾಶಿ ಮುಗಿಸಿ, ಹತ್ತಿ ಬಿಡಿಸಿ ಮಕ್ಕಳು ಮರಳಿ ಬಂದಾಗ, ತಪ್ಪಿದ ಪಾಠಕ್ಕೆ ಅವರು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಊಟದ ಬಿಡುವಿನಲ್ಲಿ ಟಿವಿ ಮುಂದೆ ಐದೈದು ನಿಮಿಷ ನೋಡಿ ಗುಂಪಿಗೆ ಸೇರಬಹುದು.

ಸೋಮವಾರ ತರಗತಿಗೆ ಹೋದಾಗ ಮೊದಲು ಆ 7 ಮಕ್ಕಳನ್ನು, ಆಮೇಲೆ ನೋಡುವುದನ್ನು ಬಿಟ್ಟ 12 ಮಕ್ಕಳನ್ನು ಒಂದು ಹತ್ತು ನಿಮಿಷ ಕೂಡಿಸಿಕೊಳ್ಳಿ. ಯಾವ ಜಾಗದಲ್ಲಿ ವಿಡಿಯೊ ನಿಲ್ಲಿಸಿ ಹಿಂದಕ್ಕೆ ಹೋಗಿ ನೋಡಿದಿರಿ ಎಂದು ಕೇಳಿ, ಬರೆದುಕೊಳ್ಳಿ. ನಿಮ್ಮ ಮೊದಲ ನೆಲದ ಲೆಕ್ಕ ಅಲ್ಲಿಂದ ಶುರುವಾಗಲಿ.